ಶುದ್ಧಿಯ ದಿನಗಳು ಬೇರೆ, ಗರ್ಭ ನಿಲ್ಲುವ ದಿನಗಳು ಬೇರೆ

ಲಜ್ಜೆಯು ಈಮಾನಿನ ಒಂದು ಶಾಖೆ. ಆದರೆ ತಿಳಿಯಲೇಬೇಕಾದುದನ್ನು ತಿಳಿಯದಂತೆ ತಡೆಯುವ ಸಂಕೋಚ ಆ ಲಜ್ಜೆಯಲ್ಲ. ಅನ್ಸಾರೀ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಪ್ರಶಂಸಿಸಿದ್ದು ಇದೇ ಕಾರಣಕ್ಕೆ. ಧರ್ಮವನ್ನು ಅರಿಯುವಲ್ಲಿ ನಾಚಿಕೆಯು ಅವರಿಗೆ ಅಡ್ಡಿಯಾಗಲಿಲ್ಲವೆಂದು ಅವರು ಹೇಳಿದ್ದರು. ಹಝ್ರತ್ ಉಮ್ಮು ಸುಲೈಮ್(ರ) ಸ್ತ್ರೀಯರ ಸ್ನಾನದ ಕುರಿತಾದ ಅತ್ಯಂತ ಖಾಸಗಿ ಪ್ರಶ್ನೆಯೊಂದನ್ನು ಪ್ರವಾದಿವರ್ಯರ(ಸ) ಮುಂದೆಯೇ ಇಟ್ಟರು. ಅಲ್ಲಾಹನು ಸತ್ಯದ ವಿಷಯದಲ್ಲಿ ಸಂಕೋಚ ಪಡುವವನಲ್ಲ ಎಂಬ ಪೀಠಿಕೆಯೊಂದಿಗೆ ಅವರು ಕೇಳಿದರು. ಅವರಿಗೆ ನೇರವಾದ ಉತ್ತರವೂ ಸಿಕ್ಕಿತು.

ಇಂದು ನಮ್ಮ ಮನೆಗಳ ಸ್ಥಿತಿ ಹಾಗಿದೆಯೇ? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ನಡೆಯುವ ಸ್ತ್ರೀಯರ ತರಗತಿಗಳಲ್ಲಿ ಪಾಠ ಮುಗಿದು ಎಲ್ಲರೂ ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ಒಬ್ಬಿಬ್ಬರು ಹಿಂದೆ ಉಳಿಯುತ್ತಾರೆ. ತಗ್ಗಿದ ದನಿಯಲ್ಲಿ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: “ಗುಸ್ಲ್ ಆದ ಮೊದಲ ವಾರ ಗರ್ಭ ನಿಲ್ಲುವುದಿಲ್ಲವಂತೆ, ನಿಜವೇ?” “ಮಗು ಹಾಲು ಕುಡಿಯುವವರೆಗೆ ಭಯವಿಲ್ಲ ತಾನೇ?” “ದಿನ ಲೆಕ್ಕ ಹಾಕಿ ದೂರವಿದ್ದರೆ ಗುನಾಹ್ ಆಗುತ್ತದೆಯೇ?” “ಮದುವೆಯಾಗಿ ಮೂರು ವರ್ಷವಾಯಿತು, ಮಗುವಾಗಲು ಯಾವ ದಿನ ಒಳ್ಳೆಯದು?”

ಇವು ಕುತೂಹಲದ ಪ್ರಶ್ನೆಗಳಲ್ಲ. ಮಡಿಲಲ್ಲಿ ಏಳು ತಿಂಗಳ ಕೂಸಿರುವಾಗಲೇ ಮತ್ತೆ ಗರ್ಭಿಣಿಯಾದ ತಾಯಿಗೆ, ಆಪರೇಷನ್ ಹೆರಿಗೆಯ ಹೊಲಿಗೆ ಇನ್ನೂ ಮಾಗದವಳಿಗೆ ಇದು ಜೀವದ ಪ್ರಶ್ನೆ. ಆದುದರಿಂದ ಈ ಪಾಠ.

ಲೆಕ್ಕ ನಮಗೆ ಹೊಸತಲ್ಲ

ಮುಸ್ಲಿಮ್ ಸ್ತ್ರೀಗೆ ತಿಂಗಳ ದಿನಗಳನ್ನು ಎಣಿಸಲು ಯಾರೂ ಕಲಿಸಬೇಕಾಗಿಲ್ಲ. ಮುಟ್ಟಿನ ಹೆಸರನ್ನೂ ಎತ್ತದೆ ನಮ್ಮ ಕಡೆ “ನಮಾಜ್ ನೈ ಹೈ” ಎಂದಷ್ಟೇ ಹೇಳುತ್ತಾರೆ. ಆ ಮಾತಿನಲ್ಲೇ ಒಂದು ಲೆಕ್ಕ ಅಡಗಿದೆ. ಎಂದು ನಮಾಜ್ ನಿಂತಿತು, ಎಂದು ಮತ್ತೆ ಆರಂಭವಾಯಿತು, ರಮಝಾನಿನ ಎಷ್ಟು ಉಪವಾಸ ಖಝಾ ಆಯಿತು ಎಂಬುದು ಅವಳಿಗೆ ಗೊತ್ತಿರಲೇಬೇಕು.

ಫಾತಿಮಾ ಬಿಂತ್ ಅಬೀ ಹುಬೈಶ್(ರ) ಎಂಬ ಸಹಾಬಿಯಾ ರಕ್ತಸ್ರಾವ ನಿಲ್ಲುತ್ತಲೇ ಇಲ್ಲವೆಂದು ದೂರಿದಾಗ ಪ್ರವಾದಿವರ್ಯರು(ಸ) ಅದು ಒಂದು ನರದಿಂದ ಬರುವ ರಕ್ತ, ಹೈಝ್ ಅಲ್ಲ ಎಂದು ತಿಳಿಸಿದರು. ಹಿಂದೆ ಮುಟ್ಟಾಗುತ್ತಿದ್ದಷ್ಟು ದಿನ ಮಾತ್ರ ನಮಾಜ್ ಬಿಟ್ಟು, ಆಮೇಲೆ ಸ್ನಾನ ಮಾಡಿ ನಮಾಜ್ ಮಾಡಬೇಕೆಂದು ಕಲಿಸಿದರು. ಅಂದರೆ ತನ್ನ ವಾಡಿಕೆಯ ದಿನಗಳನ್ನು ನೆನಪಿಟ್ಟುಕೊಂಡವಳಿಗೆ ಮಾತ್ರ ಆ ಆದೇಶವನ್ನು ಪಾಲಿಸಲು ಸಾಧ್ಯ. ಹನಫೀ ಫಿಕ್ಹ್‌ನಲ್ಲಿ ಹೈಝ್ ಕನಿಷ್ಠ 3 ದಿನ, ಗರಿಷ್ಠ 10 ದಿನ. ಎರಡು ಹೈಝ್‌ಗಳ ನಡುವಿನ ಶುದ್ಧಿ ಕನಿಷ್ಠ 15 ದಿನ. ಶಾಫಿಈ ಫಿಕ್ಹ್‌ನಲ್ಲಿ ಹೈಝ್ ಕನಿಷ್ಠ ಒಂದು ದಿನ, ಗರಿಷ್ಠ 15 ದಿನ. ತಲಾಕ್ ಆದವಳ ಇದ್ದತ್ತನ್ನೂ ಕುರ್‌ಆನ್ (2:228) ಮುಟ್ಟಿನ ಆವರ್ತಗಳಿಂದಲೇ ಅಳೆಯುತ್ತದೆ ಮತ್ತು ಗರ್ಭದಲ್ಲಿರುವುದನ್ನು ಬಚ್ಚಿಡಬಾರದೆಂದು ಅವಳಿಗೆ ಆಜ್ಞಾಪಿಸುತ್ತದೆ.

ಆದುದರಿಂದ ಲೆಕ್ಕವು ನಮ್ಮಲ್ಲಿ ಆಗಲೇ ಇದೆ. ಅದನ್ನು ಇನ್ನೊಂದು ಉದ್ದೇಶಕ್ಕೆ ಓದುವುದು ಮಾತ್ರ ನಾವು ಕಲಿಯಬೇಕಾದುದು.

ಗರ್ಭ ನಿಲ್ಲುವುದು ಯಾವಾಗ?

ಸ್ತ್ರೀಯ ಅಂಡಾಶಯದಿಂದ ಪ್ರತಿ ಆವರ್ತದಲ್ಲಿ ಸಾಮಾನ್ಯವಾಗಿ ಒಂದು ಅಂಡ ಬಿಡುಗಡೆಯಾಗುತ್ತದೆ. ಅದರ ಆಯುಷ್ಯ ಬಹಳ ಕಡಿಮೆ, 12ರಿಂದ 24 ಗಂಟೆ. ಆದರೆ ಪುರುಷನ ವೀರ್ಯಾಣು ಸ್ತ್ರೀಯ ಶರೀರದೊಳಗೆ 5 ದಿನಗಳವರೆಗೂ ಜೀವಂತವಾಗಿರಬಲ್ಲುದು. ಆದ್ದರಿಂದ ಅಂಡ ಬರುವ ದಿನ ಮತ್ತು ಅದಕ್ಕೆ ಹಿಂದಿನ 5 ದಿನ, ಹೀಗೆ ಒಟ್ಟು 6 ದಿನಗಳಲ್ಲಿ ನಡೆದ ದಾಂಪತ್ಯ ಸಂಪರ್ಕದಿಂದ ಗರ್ಭ ನಿಲ್ಲಬಹುದು.

ಆ ಆರು ದಿನ ಯಾವುವು? ಇಲ್ಲೇ ಇರುವುದು ಕಷ್ಟ. ಅಂಡವು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಬಿಡುಗಡೆಯಾಗುತ್ತದೆ. ಜಪಾನಿನ ವೈದ್ಯ ಓಗಿನೋ 1924ರಲ್ಲಿಯೂ ಆಸ್ಟ್ರಿಯಾದ ಕ್ನೌಸ್ 1920ರ ದಶಕದ ಕೊನೆಯಲ್ಲಿಯೂ ಬೇರೆಬೇರೆಯಾಗಿ ಇದನ್ನು ಕಂಡುಕೊಂಡರು. ಗಮನಿಸಿ, ಇದು ಕಳೆದ ಮುಟ್ಟಿನಿಂದ ಮುಂದಕ್ಕೆ ಎಣಿಸುವ ಲೆಕ್ಕವಲ್ಲ, ಬರಲಿರುವ ಮುಟ್ಟಿನಿಂದ ಹಿಂದಕ್ಕೆ ಎಣಿಸುವ ಲೆಕ್ಕ. ಬರಲಿರುವುದು ಯಾವ ದಿನ ಬರುತ್ತದೆಂದು ಖಚಿತವಾಗಿ ಹೇಳಬಲ್ಲವರು ಯಾರು?

28 ದಿನಗಳ ಆವರ್ತವಿರುವವಳಿಗೆ ಅಂಡ ಸುಮಾರು 14ನೇ ದಿನ ಬರುತ್ತದೆ. ಗರ್ಭ ನಿಲ್ಲಬಹುದಾದ ದಿನಗಳು 9ರಿಂದ 14. ಆವರ್ತ 24 ದಿನಗಳದ್ದಾದರೆ ಅಂಡ ಸುಮಾರು 10ನೇ ದಿನ. ಆ ದಿನಗಳು 5ರಿಂದಲೇ ಆರಂಭ. 34 ದಿನಗಳದ್ದಾದರೆ ಸುಮಾರು 20ನೇ ದಿನ. “ಹದಿನಾಲ್ಕನೇ ದಿನ” ಎಂಬುದು ಎಲ್ಲ ಸ್ತ್ರೀಯರಿಗೂ ಅನ್ವಯಿಸುವ ನಿಯಮವಲ್ಲ.

ನಿಮ್ಮ ಲೆಕ್ಕ ನೀವೇ ಹಾಕುವ ಕ್ರಮ

ಮೊದಲನೆಯದಾಗಿ, ರಕ್ತ ಕಾಣಿಸಿಕೊಂಡ ಮೊದಲ ದಿನವೇ 1ನೇ ದಿನ. ನಮ್ಮ ಸಹೋದರಿಯರಲ್ಲಿ ಅನೇಕರು ಗುಸ್ಲ್ ಮಾಡಿದ ದಿನದಿಂದ ಎಣಿಸುತ್ತಾರೆ. ಇದರಿಂದ ಲೆಕ್ಕ ಆರೇಳು ದಿನ ತಪ್ಪುತ್ತದೆ.

ಎರಡನೆಯದಾಗಿ, ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಎಷ್ಟು ದಿನವಾಯಿತೆಂದು ಕನಿಷ್ಠ 6 ಆವರ್ತಗಳ ಕಾಲ ಬರೆದಿಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಸಣ್ಣ ಚುಕ್ಕೆ ಇಟ್ಟರೂ ಸಾಕು. ಅದೇನೆಂದು ಮನೆಯವರಿಗೆಲ್ಲ ತಿಳಿಯಬೇಕಾಗಿಲ್ಲ. ಹಿಜ್ರಿ ತಾರೀಖಿನಿಂದಾಗಲಿ ಇಂಗ್ಲಿಷ್ ತಾರೀಖಿನಿಂದಾಗಲಿ ಬರೆಯಬಹುದು, ಎರಡನ್ನೂ ಬೆರೆಸಬಾರದು.

ಮೂರನೆಯದಾಗಿ, ಅವುಗಳಲ್ಲಿ ಅತಿ ಚಿಕ್ಕ ಆವರ್ತದಿಂದ 18 ಕಳೆಯಿರಿ. ಅತಿ ದೊಡ್ಡ ಆವರ್ತದಿಂದ 11 ಕಳೆಯಿರಿ. ಉದಾಹರಣೆಗೆ ಒಬ್ಬಳ ಆವರ್ತಗಳು 26ರಿಂದ 31 ದಿನಗಳ ನಡುವೆ ಇವೆಯೆನ್ನೋಣ. 26ರಲ್ಲಿ 18 ಹೋದರೆ 8. 31ರಲ್ಲಿ 11 ಹೋದರೆ 20. ಅವಳಿಗೆ 8ನೇ ದಿನದಿಂದ 20ನೇ ದಿನದವರೆಗೆ ಗರ್ಭ ನಿಲ್ಲುವ ಸಂಭವವಿದೆ. ನಿಜವಾದ ದಿನಗಳು ಆರೇ ಆದರೂ ಅವು ಎಲ್ಲಿ ಬೀಳುತ್ತವೆಂದು ತಿಳಿಯದ ಕಾರಣ ಹದಿಮೂರು ದಿನ ಎಚ್ಚರವಹಿಸಬೇಕಾಗುತ್ತದೆ.

ಶರೀರವೂ ಒಂದು ಸೂಚನೆ ಕೊಡುತ್ತದೆ. ಅಂಡ ಬಿಡುಗಡೆಯಾಗುವ ಹೊತ್ತಿಗೆ ಹಸಿ ಮೊಟ್ಟೆಯ ಬಿಳಿಭಾಗದಂತೆ ತೆಳ್ಳಗೆ, ಜಾರುವ, ಎಳೆದರೆ ನೂಲಿನಂತೆ ಬರುವ ದ್ರವ ಕಾಣಿಸುತ್ತದೆ. ಇದನ್ನು ಕಂಡು ನಮಾಜ್ ಬಿಡುವವರಿದ್ದಾರೆ. ಇದು ಹೈಝ್ ಅಲ್ಲ. ಇದರಿಂದ ಗುಸ್ಲ್ ಕಡ್ಡಾಯವಾಗುವುದಿಲ್ಲ, ನಮಾಜ್ ಬಿಡಬೇಕಾಗಿಯೂ ಇಲ್ಲ. ಸ್ವಚ್ಛ ಮಾಡಿಕೊಂಡು ವುಝೂ ಮಾಡಿದರಾಯಿತು. ಆದರೆ ಇದು ಗರ್ಭ ನಿಲ್ಲುವ ದಿನಗಳ ಸ್ಪಷ್ಟ ಗುರುತು. ಮಗು ಬೇಕೆನ್ನುವವಳಿಗೂ ಈಗ ಬೇಡವೆನ್ನುವವಳಿಗೂ ಇದು ಉಪಯುಕ್ತ. ವಾಸನೆ, ತುರಿಕೆ, ಹಸಿರು ಅಥವಾ ಹಳದಿ ಬಣ್ಣ ಇದ್ದರೆ ಮಾತ್ರ ಅದು ರೋಗದ ಲಕ್ಷಣ, ವೈದ್ಯರಿಗೆ ತೋರಿಸಬೇಕು.

ಅಪಾಯ ತರುವ ಮೂರು ನಂಬಿಕೆಗಳು

“ಗುಸ್ಲ್ ಆದ ಕೂಡಲೇ ಭಯವಿಲ್ಲ.” ಕುರ್‌ಆನ್ (2:222) ಮುಟ್ಟಿನ ದಿನಗಳಲ್ಲಿ ದಾಂಪತ್ಯ ಸಂಪರ್ಕದಿಂದ ದೂರವಿರಲು ಆಜ್ಞಾಪಿಸಿದೆ, ಶುದ್ಧಿಯಾದ ಮೇಲೆ ಅನುಮತಿಸಿದೆ. ಇದು ಹಲಾಲ್ ಹರಾಮಿನ ಮೇರೆ, ಗರ್ಭದ ಮೇರೆಯಲ್ಲ. ಏಳನೇ ದಿನ ಗುಸ್ಲ್ ಮಾಡುವ, 24 ದಿನಗಳ ಆವರ್ತವಿರುವ ಸ್ತ್ರೀಯನ್ನು ತೆಗೆದುಕೊಳ್ಳಿ. ಅವಳು ಶುದ್ಧಳಾಗುವ ಹೊತ್ತಿಗೆ ಗರ್ಭ ನಿಲ್ಲುವ ದಿನಗಳು ಆಗಲೇ ಆರಂಭವಾಗಿವೆ. ಶುದ್ಧಿಯ ಲೆಕ್ಕವನ್ನೂ ಗರ್ಭದ ಲೆಕ್ಕವನ್ನೂ ಒಂದೇ ಎಂದು ತಿಳಿದವರು ಮೋಸ ಹೋಗುವುದು ಇಲ್ಲೇ.

“ಹಾಲೂಡಿಸುವವರೆಗೆ ಗರ್ಭ ನಿಲ್ಲದು.” ಇದರಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಅದಕ್ಕೆ ಮೂರು ಷರತ್ತುಗಳಿವೆ. ಮಗುವಿಗೆ 6 ತಿಂಗಳು ತುಂಬಿರಬಾರದು. ಹಗಲೂ ರಾತ್ರಿಯೂ ಎದೆಹಾಲನ್ನು ಮಾತ್ರ ಕೊಡುತ್ತಿರಬೇಕು; ಬಾಟಲಿ ಹಾಲು, ಘುಟ್ಟಿ, ಜೇನು ಯಾವುದೂ ಸೇರಬಾರದು. ತಾಯಿಗೆ ಮುಟ್ಟು ಮರಳಿರಬಾರದು. ಈ ಮೂರೂ ಇದ್ದರೆ ನೂರರಲ್ಲಿ ತೊಂಬತ್ತೆಂಟು ಮಂದಿಗೆ ರಕ್ಷಣೆ ಇದೆ. ಒಂದು ತಪ್ಪಿದರೂ ಈ ಭರವಸೆ ಹೋಯಿತು.

“ಮುಟ್ಟೇ ಆಗಿಲ್ಲ, ಗರ್ಭ ಹೇಗೆ ನಿಲ್ಲುತ್ತದೆ?” ಅಂಡ ಮೊದಲು, ಮುಟ್ಟು ಆಮೇಲೆ. ಹೆರಿಗೆಯ ನಂತರದ ಮೊದಲ ಮುಟ್ಟಿಗೆ ಎರಡು ವಾರ ಮೊದಲೇ ಅಂಡ ಬಂದಿರಬಹುದು. ಎದೆಹಾಲು ಕೊಡದ ತಾಯಿಗೆ ನಲವತ್ತರ ಸ್ನಾನವಾಗುವಷ್ಟರಲ್ಲೇ ಇದು ಆಗಿರಲೂಬಹುದು. ಮುಟ್ಟನ್ನೇ ಕಾಣದೆ ಒಂದು ಬಾಣಂತನದಿಂದ ಇನ್ನೊಂದು ಬಸಿರಿಗೆ ಹೋದವರಿರುವುದು ಇದರಿಂದಲೇ.

ರಾಮನಗರಂನ ಮಣಿಸರ

ದಿನ ಎಣಿಸುವ ಈ ವಿಧಾನವನ್ನು ನಮ್ಮ ನಾಡಿನಲ್ಲೇ ಒಮ್ಮೆ ದೊಡ್ಡದಾಗಿ ಪರೀಕ್ಷಿಸಲಾಗಿತ್ತು. ಆಗಿನ ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರಕಾರದ ವತಿಯಿಂದ ಗರ್ಭನಿರೋಧ ಸಲಹಾ ಕೇಂದ್ರಗಳನ್ನು ತೆರೆದಿತ್ತು. ಸ್ವಾತಂತ್ರ್ಯಾನಂತರ ಕೇಂದ್ರದ ಆರೋಗ್ಯ ಸಚಿವೆಯಾಗಿದ್ದ ರಾಜಕುಮಾರಿ ಅಮೃತ್ ಕೌರ್ ಕೃತಕ ಸಾಧನಗಳನ್ನು ಒಪ್ಪುತ್ತಿರಲಿಲ್ಲ. ಸಂಯಮವೇ ಮಾರ್ಗವೆಂದು ನಂಬಿದ್ದರು. ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆಯು ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ಅವರನ್ನು ಕಳುಹಿಸಿತು. 1950ರ ದಶಕದ ಆರಂಭದಲ್ಲಿ ದಿಲ್ಲಿಯ ಲೋಧಿ ಕಾಲೊನಿಯಲ್ಲಿಯೂ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ನಮ್ಮ ರಾಮನಗರಂನಲ್ಲಿಯೂ ಪ್ರಯೋಗ ನಡೆಯಿತು.

ಓದು ಬಾರದ ಸ್ತ್ರೀಯರಿಗಾಗಿ ಮಣಿಗಳ ಸರವೊಂದನ್ನು ಮಾಡಿಸಿದ್ದರು. ದಿನಕ್ಕೊಂದು ಮಣಿ ಸರಿಸುತ್ತ ಹೋಗಬೇಕು. ಎಚ್ಚರದ ದಿನಗಳಿಗೆ ಒಂದು ಬಣ್ಣ, ಭಯವಿಲ್ಲದ ದಿನಗಳಿಗೆ ಇನ್ನೊಂದು. ಕಲಿಯಲು ಬಂದವರು ಬಹಳ ಮಂದಿ, ಕೊನೆಯವರೆಗೆ ಪಾಲಿಸಿದವರು ಕೆಲವೇ ಮಂದಿ. ರಾತ್ರಿ ಬಣ್ಣ ತಿಳಿಯದೆ ತಪ್ಪಿದವರಿದ್ದರು. ಮಣಿ ಸರಿಸಲು ಮರೆತವರಿದ್ದರು. ಸರವೇ ತಾಯಿತದಂತೆ ಕಾಪಾಡುತ್ತದೆಂದು ತಿಳಿದವರೂ ಇದ್ದರೆಂದು ಆ ಯೋಜನೆಯ ಕುರಿತು ಬರೆದವರು ಹೇಳುತ್ತಾರೆ.

ಸ್ತ್ರೀಯರು ದಡ್ಡರಾಗಿದ್ದರೆಂಬುದು ಇದರ ಪಾಠವಲ್ಲ. ಎಲ್ಲರ ಆವರ್ತವೂ ಸರಕ್ಕೆ ಹೊಂದುವಂಥದ್ದಲ್ಲ. ಮೇಲಾಗಿ ಹೆಂಡತಿ ಎಣಿಸಿದ ಲೆಕ್ಕವನ್ನು ಗಂಡ ಗೌರವಿಸದಿದ್ದರೆ ಯಾವ ಸರವೂ ಕೆಲಸ ಮಾಡದು.

ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ಆಮೇಲೆ 32 ಮಣಿಗಳ ಹೊಸ ಸರವೊಂದನ್ನು ರೂಪಿಸಿದರು. ಉತ್ತರ ಭಾರತದಲ್ಲಿ ಅದನ್ನು ಮಾಲಾಚಕ್ರ ಎಂದು ಕರೆದರು. ಅದರ ಪ್ರಕಾರ 8ರಿಂದ 19ನೇ ದಿನದವರೆಗೆ ಎಚ್ಚರ. ಆದರೆ ಆವರ್ತ ಯಾವಾಗಲೂ 26ರಿಂದ 32 ದಿನಗಳೊಳಗೆ ಇರುವವರಿಗೆ ಮಾತ್ರ ಅದು ಸಲ್ಲುತ್ತದೆ. ವರ್ಷದಲ್ಲಿ ಎರಡು ಬಾರಿ ಈ ಮಿತಿ ಮೀರಿದರೆ ಬಿಟ್ಟುಬಿಡಬೇಕು. ಅದನ್ನು ಚಾಚೂ ತಪ್ಪದೆ ಪಾಲಿಸಿದರೂ ವರ್ಷದಲ್ಲಿ ನೂರರಲ್ಲಿ ಸುಮಾರು ಐವರು ಗರ್ಭಿಣಿಯರಾಗುತ್ತಾರೆ. ಸಾಮಾನ್ಯ ಜನರ ಪಾಲನೆಯಲ್ಲಿ ಸುಮಾರು ಹನ್ನೆರಡು ಮಂದಿ. ಏನನ್ನೂ ಅನುಸರಿಸದಿದ್ದರೆ ಸುಮಾರು ಎಂಬತ್ತೈದು ಮಂದಿ. ಲೆಕ್ಕದ ಪ್ರಯೋಜನವೂ ಅದರ ಮಿತಿಯೂ ಈ ಸಂಖ್ಯೆಗಳಲ್ಲಿ ಕಾಣುತ್ತವೆ.

ಆದ್ದರಿಂದ ಕೆಲವರು ಬರಿಯ ಲೆಕ್ಕವನ್ನು ನಂಬಿ ಕೂರಬಾರದು. ಮುಟ್ಟು ಕ್ರಮ ತಪ್ಪಿರುವವರು, ಹೆರಿಗೆ ಅಥವಾ ಗರ್ಭಪಾತದ ನಂತರ ಆವರ್ತ ಇನ್ನೂ ಸ್ಥಿರವಾಗದವರು, ಮಾತ್ರೆ ಅಥವಾ ಇಂಜೆಕ್ಷನ್ ಈಗಷ್ಟೇ ನಿಲ್ಲಿಸಿದವರು, ಥೈರಾಯ್ಡ್ ತೊಂದರೆಯವರು, ಮುಟ್ಟು ನಿಲ್ಲುವ ವಯಸ್ಸಿಗೆ ಹತ್ತಿರವಾದವರು ಈ ಗುಂಪಿಗೆ ಸೇರುತ್ತಾರೆ. ಗರ್ಭ ನಿಂತರೆ ಪ್ರಾಣಕ್ಕೇ ಅಪಾಯವೆಂದು ವೈದ್ಯರು ಹೇಳಿದವರಿಗಂತೂ ಇದು ಸಾಲದು. ತಾತ್ಕಾಲಿಕ ಸಾಧನಗಳ ಬಗ್ಗೆ ಅವರು ವೈದ್ಯರಲ್ಲಿ ಕೇಳಲಿ. ಕೋಲಾರದ ಎಸ್.ಎನ್.ಆರ್. ಆಸ್ಪತ್ರೆ, ತಾಲೂಕು ಆಸ್ಪತ್ರೆಗಳು, ಹತ್ತಿರದ ಆರೋಗ್ಯ ಕೇಂದ್ರ, ಊರಿನ ಆಶಾ ಕಾರ್ಯಕರ್ತೆ, ಇವರಲ್ಲಿ ಯಾರನ್ನಾದರೂ ವಿಚಾರಿಸಬಹುದು.

ಇದು ಧರ್ಮಬದ್ಧವೇ?

ಬಡತನದ ಭಯದಿಂದ ಮಕ್ಕಳನ್ನು ಕೊಲ್ಲುವುದನ್ನು ಕುರ್‌ಆನ್ (6:151, 17:31) ಕಠಿಣವಾಗಿ ನಿಷೇಧಿಸಿದೆ; ಅನ್ನ ಕೊಡುವವನು ಅಲ್ಲಾಹನು. ಆದರೆ ಇನ್ನೂ ನಿಲ್ಲದ ಗರ್ಭವನ್ನು ಮುಂದೂಡುವುದು ಕೊಲೆಯಲ್ಲ. ಕುರ್‌ಆನ್ ಅವತೀರ್ಣವಾಗುತ್ತಿದ್ದ ಕಾಲದಲ್ಲೇ ತಾವು ಅಝ್ಲ್ (ವೀರ್ಯವನ್ನು ಹೊರಗೆ ಬಿಡುವುದು) ಮಾಡುತ್ತಿದ್ದೆವೆಂದು ಹಝ್ರತ್ ಜಾಬಿರ್(ರ) ತಿಳಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದು ವರದಿಯಾಗಿದೆ. ಇಮಾಮ್ ಗಝ್ಝಾಲಿಯವರು ತಮ್ಮ ‘ಇಹ್ಯಾ’ದಲ್ಲಿ ಅಝ್ಲ್ ಅನುಮತಿಸಲ್ಪಟ್ಟಿದೆಯೆಂದೇ ನಿರ್ಣಯಿಸಿದ್ದಾರೆ. ಹನಫೀ ವಿದ್ವಾಂಸರು ಅದಕ್ಕೆ ಪತ್ನಿಯ ಒಪ್ಪಿಗೆಯ ಷರತ್ತು ಹಾಕಿದ್ದಾರೆ. ಕೆಲವು ದಿನ ಸಂಯಮದಿಂದಿರುವುದಂತೂ ಅದಕ್ಕಿಂತಲೂ ಹಗುರವಾದ ಮಾರ್ಗ. ಕಾರಣವಿಲ್ಲದೆ ಶಾಶ್ವತವಾಗಿ ಸಂತಾನ ನಿಲ್ಲಿಸಿಕೊಳ್ಳುವುದು ಬೇರೆ ಮಾತು. ಅದನ್ನು ಬಹುಪಾಲು ಉಲಮಾಗಳು ಒಪ್ಪುವುದಿಲ್ಲ, ಪ್ರಾಣಾಪಾಯದಂತಹ ಅನಿವಾರ್ಯತೆ ಇದ್ದರೆ ಹೊರತು.

ಕುರ್‌ಆನ್ (2:233) ತಾಯಂದಿರಿಗೆ ಪೂರ್ಣ ಎರಡು ವರ್ಷ ಹಾಲೂಡಿಸುವ ಅವಧಿಯನ್ನು ಹೇಳಿದೆ. ಅದೇ ಸೂಕ್ತದಲ್ಲಿ ಮಗುವಿನ ನಿಮಿತ್ತ ತಾಯಿಗೆ ಹಾನಿಯಾಗಬಾರದೆಂದೂ, ಹಾಲು ಬಿಡಿಸುವುದು ಪರಸ್ಪರ ಸಮಾಲೋಚನೆಯಿಂದ ಆಗಬೇಕೆಂದೂ ತಿಳಿಸಿದೆ. ಇಂದಿನ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಒಂದು ಹೆರಿಗೆಯ ನಂತರ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳ ಅಂತರವಿರಬೇಕೆಂದೇ ಇದೆ. ಅಂತರ ತೀರ ಕಡಿಮೆಯಾದಾಗ ತಾಯಿಗೆ ರಕ್ತಹೀನತೆ, ಮಗುವಿಗೆ ಕಡಿಮೆ ತೂಕ, ದಿನ ತುಂಬುವ ಮೊದಲೇ ಹೆರಿಗೆ ಇವೆಲ್ಲ ಹೆಚ್ಚುತ್ತವೆ. ಹಿಂದಿನ ಹೆರಿಗೆ ಆಪರೇಷನ್ ಆಗಿದ್ದರೆ ಗರ್ಭಕೋಶದ ಗಾಯ ಬಿರಿಯುವ ಅಪಾಯವೂ ಇದೆ. ಮಡಿಲಲ್ಲಿರುವ ಕೂಸಿನ ಹಾಲಿನ ಹಕ್ಕನ್ನು ಕಾಪಾಡುವುದು ತವಕ್ಕುಲ್‌ಗೆ ವಿರುದ್ಧವೆಂದು ಹೇಳುವವರು ಒಂಟೆಯನ್ನು ಕಟ್ಟಿ ಭರವಸೆ ಇಡುವ ಪಾಠವನ್ನು ಮರೆತಿದ್ದಾರೆ.

ಎಲ್ಲ ಎಚ್ಚರದ ನಂತರವೂ ಗರ್ಭ ನಿಂತರೆ? ಅಲ್ಲಾಹನು ನಿರ್ಧರಿಸಿದ ಜೀವ ಬಂದೇ ತೀರುವುದೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಲೆಕ್ಕ ತಪ್ಪಿದ್ದಕ್ಕೆ ಪತ್ನಿಯನ್ನು ದೂರುವುದು ಅನ್ಯಾಯ. ಮುಟ್ಟು ಒಂದು ವಾರ ತಡವಾದರೆ ಪರೀಕ್ಷೆ ಮಾಡಿಸಿ, ಬೇಗ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಿರಿ. ಹೆದರಿಕೆಯಿಂದ ಮೆಡಿಕಲ್ ಶಾಪಿನಲ್ಲಿ ಗರ್ಭ ಇಳಿಸುವ ಮಾತ್ರೆ ಕೊಂಡು ಗುಟ್ಟಾಗಿ ನುಂಗುವುದು ಧರ್ಮದ ದೃಷ್ಟಿಯಿಂದಲೂ ಗಂಭೀರ, ಜೀವಕ್ಕೂ ಅಪಾಯ. ತಡೆಯಲಾರದ ರಕ್ತಸ್ರಾವ ಆಗಬಹುದು. ತಾಯಿಯ ಪ್ರಾಣದ ಪ್ರಶ್ನೆ ಇದ್ದರೆ ವೈದ್ಯರನ್ನೂ ಆಲಿಮರನ್ನೂ ವಿಚಾರಿಸಿಯೇ ಮುಂದುವರಿಯಬೇಕು.

ಮಗುವಿಗಾಗಿ ಕಾಯುತ್ತಿರುವವರಿಗೆ

ಇದೇ ಜ್ಞಾನ ಅವರಿಗೆ ಸಿಹಿಯಾದುದು. ಮೇಲೆ ಹೇಳಿದ ದ್ರವ ಕಾಣಿಸುವ ದಿನಗಳಲ್ಲಿ ದಿನ ಬಿಟ್ಟು ದಿನ ದಂಪತಿಗಳು ಕೂಡಿದರೆ ಸಂಭವ ಹೆಚ್ಚು. ದುಡಿಮೆಗೆಂದು ಬೆಂಗಳೂರಿಗೆ ಹೋಗಿ ವಾರಕ್ಕೊಮ್ಮೆ ಮನೆಗೆ ಬರುವ ಪತಿ ಯಾವಾಗಲೂ ತಪ್ಪು ದಿನಗಳಲ್ಲೇ ಬರುತ್ತಿರಬಹುದು. ಒಂದು ವರ್ಷವಾದರೂ ಗರ್ಭ ನಿಲ್ಲದಿದ್ದರೆ, ಪತ್ನಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಇಬ್ಬರೂ ವೈದ್ಯರನ್ನು ಕಾಣಬೇಕು. ಇಬ್ಬರೂ ಎಂಬ ಮಾತಿಗೆ ಒತ್ತು ಇರಲಿ. ಕೊರತೆ ಪುರುಷನಲ್ಲಿಯೂ ಇರಬಹುದು. ಸೊಸೆಯನ್ನು ಬಂಜೆಯೆಂದು ಹಂಗಿಸುವವರು, ತಾಯಿತಕ್ಕಾಗಿ ಊರೂರು ಅಲೆಸುವವರು ಕುರ್‌ಆನ್ (42:49-50) ಓದಲಿ. ಹೆಣ್ಣು ಕೊಡುವವನೂ ಗಂಡು ಕೊಡುವವನೂ ಕೊಡದಿರುವವನೂ ಅಲ್ಲಾಹನೇ ಎಂದು ಅಲ್ಲಿ ತಿಳಿಸಲಾಗಿದೆ. ಪ್ರವಾದಿ ಝಕರಿಯ್ಯಾ(ಅ) ಇಳಿವಯಸ್ಸಿನಲ್ಲಿ ಬೇಡಿದ್ದು ಅವನಲ್ಲೇ.

ಪತಿಯಂದಿರಿಗೆ ಒಂದು ಮಾತು

ಸಹೋದರರೇ, ಈ ಪುಟವನ್ನು ‘ಸ್ತ್ರೀಯರ ವಿಷಯ’ವೆಂದು ಮಗುಚಬೇಡಿ. ಎಣಿಸುವವಳು ಪತ್ನಿಯಾದರೂ ಪಾಲಿಸಬೇಕಾದವರು ಇಬ್ಬರು. “ಇಂದು ಬೇಡ” ಎಂದು ಅವಳು ಹೇಳಿದಾಗ ಅದು ಅವಿಧೇಯತೆಯಲ್ಲ, ನೀವಿಬ್ಬರೂ ಸೇರಿ ಮಾಡಿದ ತೀರ್ಮಾನದ ನೆನಪು. ರಮಝಾನಿನ ಹಗಲಲ್ಲಿ ಹಲಾಲಾದುದರಿಂದಲೇ ದೂರವಿರಲು ಕಲಿತ ನಮಗೆ ತಿಂಗಳಲ್ಲಿ ಕೆಲವು ದಿನಗಳ ಸಂಯಮ ಅಸಾಧ್ಯವೇ? ಅಸಾಧ್ಯವೆನಿಸಿದರೆ ಆ ದಿನಗಳಲ್ಲಿ ನಿರೋಧ್ ಬಳಸುವ ದಾರಿ ಇದೆ. ಬಾಣಂತಿಯ ಮೇಲೆ ಇನ್ನೊಂದು ಬಸಿರನ್ನು ಹೊರಿಸಿ ಆಮೇಲೆ ಸಬ್ರ್ ಮಾಡೆಂದು ಉಪದೇಶಿಸುವುದು ಸದ್ವರ್ತನೆಯಲ್ಲ. ಪತ್ನಿಯೊಡನೆ ಉತ್ತಮವಾಗಿ ವರ್ತಿಸುವವನೇ ನಿಮ್ಮಲ್ಲಿ ಉತ್ತಮನೆಂಬ ಪ್ರವಾದಿ ಬೋಧನೆಗೆ ಇಲ್ಲಿಯೂ ಅನ್ವಯವಿದೆ.

ತಾಯಂದಿರೇ, ನಿಮ್ಮ ಹೆಣ್ಣುಮಕ್ಕಳಿಗೆ ನಿಕಾಹ್‌ಗೆ ಮುಂಚೆ ಹೈಝ್‌ನ ಮಸಾಯಿಲ್ ಕಲಿಸುವಾಗ ಈ ಎರಡನೇ ಲೆಕ್ಕವನ್ನೂ ಕಲಿಸಿ. ಪಕ್ಕದ ಮನೆಯ ಅರೆಬರೆ ಮಾತಿನಿಂದ ಕಲಿಯುವುದಕ್ಕಿಂತ ತಾಯಿಯಿಂದ ಕಲಿಯುವುದು ಎಷ್ಟೋ ಮೇಲು. ಅಲ್ಲಾಹನು ನಮಗೆ ಉಪಯುಕ್ತ ಜ್ಞಾನವನ್ನೂ, ಅರಿತುದನ್ನು ಪಾಲಿಸುವ ಸಂಯಮವನ್ನೂ, ಕಣ್ಣಿಗೆ ತಂಪಾಗುವ ಸಂತತಿಯನ್ನೂ ದಯಪಾಲಿಸಲಿ. ಆಮೀನ್.